ಅಮ್ಮನನ್ನು ಪುಸಲಾಯಿಸಿದ್ದು

ನನ್ನ ಹೆಂಡತಿ ವಾರಿಜ ಇದ್ದ ಕೊನೆಯ ಭಾನುವಾರ ನಮ್ಮ ಕೋಳಿಗಳಿಗೆ ಹಬ್ಬ.

ಬಿಜೈಯ ನಮ್ಮ ಮನೆ ಜಗಲಿಯಲ್ಲಿ ಅಮ್ಮ ಅಕ್ಕಿ ಆರಿಸುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಅಕ್ಕಿಯನ್ನು ಹೆಕ್ಕಿ ಅಂಗಳಕ್ಕೆ ಎಸೆದು, ಕಲ್ಲನ್ನು ಜೋಪಾನವಾಗಿ ಗೆರಸೆಯಲ್ಲಿ ಉಳಿಸುತ್ತಿದ್ದರು.

ವಾರಿಜ ನೋಡಿದಳು. ‘ನಿಮಗೆ ಕಣ್ಣು ಕಾಣುವುದಿಲ್ಲ’ ಎನ್ನಲಿಲ್ಲ.

‘ಮಾಮಿ, ಕಂಕನಾಡಿ ಮಾರ್ಕೆಟಿಗೆ ಹೋಗುವನಾ? ಒಳ್ಳೆ ಅಂಜಲ್ ಬರ್ತದಂತೆ. ಹಾಗೇ ಕಣ್ಣಿನ ಡಾಕ್ಟ್ರಲ್ಲಿಗೂ ಹೋಗಿ ಬರುವ’ ಎಂದಳು ಅತ್ತೆಗೆ.

‘ಮೀನು ನೋಡ್ಲಿಕ್ಕೆ ಬರ್ತೇನೆ. ಡಾಕ್ಟ್ರನ್ನು ನಾನು ನೋಡುವುದಿಲ್ಲ.’

‘ನೀವು ನೋಡುವುದು ಬೇಡ ಮಾಮಿ. ಅವರೇ ನಿಮ್ಮನ್ನು ನೋಡಲಿ.’

ಅಮ್ಮ ನಕ್ಕುಬಿಟ್ಟರು. ಗುರುವಾರ ಹೋಗುವುದೆಂದಾಯಿತು.

ಸೋಮವಾರ ಬೆಳಿಗ್ಗೆ ವಾರಿಜ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಆಮೇಲೆ ಆಸ್ಪತ್ರೆಯ ಮಾತೆತ್ತಿದರೆ ಅಮ್ಮ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಇನ್ನೂ ತಡ ಮಾಡಿದರೆ ಕಣ್ಣೇ ಹೋದೀತು ಎಂದು ಎಲ್ಲರೂ ಹೆದರಿಸಿದರು. ನಾನು ಗದರಿದೆ. ಅಮ್ಮ ಊಟ ಬಿಟ್ಟರು.

ಪಕ್ಕದ ಮನೆಯ ಐರಿನ್ ಬಾಯಿ ಇಂಗ್ಲಿಷ್ ಟೀಚರು. ನನ್ನ ಗದರಿಕೆ ಅವರ ಅಡುಗೆಮನೆಗೂ ಕೇಳಿತ್ತು. (ಬಿಜೈ ಬಸ್‌ಸ್ಟ್ಯಾಂಡಿಗೂ ಕೇಳಿರಬಹುದು.)

‘ಜೋರು ಮಾಡಿದ್ರೆ ಆಗ್ಲಿಕ್ಕಿಲ್ಲ ಮಾರಾಯ್ರೇ. ಕೋಕ್ಸ್ ಮಾಡ್ಬೇಕು, ಕೋಕ್ಸ್!’

ಎಸ್ಸೆಸ್ಸೆಲ್ಸಿ ಓದಿದ ನಾನು ಡಿಕ್ಷನರಿ ತೆರೆದೆ. ‘ಪುಸಲಾಯಿಸು’ ಎಂದಿತ್ತು. ನೀವೇ ಹೇಳಿ, ಈ ಪದ ಪೊಲೀಸ್ ಸುದ್ದಿ ಬಿಟ್ಟು ಬೇರೆಲ್ಲಾದರೂ ಬಂದದ್ದುಂಟೇ? ‘ಓಲೈಸು’ ಎನ್ನೋಣವೆಂದರೆ ಅದು ಚುನಾವಣೆಗೆ ಮೀಸಲು. ‘ರಮಿಸು’ ತೊಟ್ಟಿಲ ಪಕ್ಕದ್ದು. ‘ಒತ್ತಾಯ’ವೋ, ಅದು ನಮ್ಮೂರ ಮದುವೆಗಳಲ್ಲಿ ಬಡಿಸುವವರ ಹಕ್ಕು.

ಇರಲಿ ಎಂದು ಅಮ್ಮನ ಪಕ್ಕ ಕುಳಿತೆ. ಸ್ವರ ಇಳಿಸಿದೆ.

‘ಅಮ್ಮಾ...’

‘ಎಂತ ಆಯ್ತು ನಿನ್ನ ಸ್ವರಕ್ಕೆ? ಜ್ವರ ಉಂಟಾ?’

‘ಜ್ವರ ಅಲ್ಲಮ್ಮ. ನಿಮ್ಮನ್ನು ಪುಸಲಾಯಿಸ್ತಾ ಇದ್ದೇನೆ.’

‘ಅಯ್ಯೋ ದೇವರೇ! ಹುಡುಗಿಯನ್ನು ಪುಸಲಾಯಿಸಿ ಬೊಂಬಾಯಿಗೆ ಕರ್ಕೊಂಡು ಹೋದ ಅಂತ ಪೇಪರಿನಲ್ಲಿ ಬರ್ತದಲ್ಲ, ಹಾಗೆಯಾ? ನನ್ನನ್ನು ಎಲ್ಲಿಗೆ ಕರ್ಕೊಂಡು ಹೋಗ್ತೀ?’

‘ಕಂಕನಾಡಿಗೆ.’

‘ಅಷ್ಟೇಯಾ!’

ಅಮ್ಮ ತುಂಬ ಹೊತ್ತು ನಕ್ಕರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ‘ಹೋಗುವ. ಅವಳಿಗೆ ಮಾತು ಕೊಟ್ಟಾಗಿದೆ’ ಎಂದರು.

ಆಪರೇಶನ್ ಚೆನ್ನಾಗಿ ಆಯಿತು. ಸೋಡಾ ಬಾಟ್ಲಿಯ ಅಡಿಯಷ್ಟು ದಪ್ಪದ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಅಮ್ಮ ಮೊದಲು ನೋಡಿದ್ದು ನನ್ನನ್ನು.

‘ಎಂತ ಗಡ್ಡ ಮಾರಾಯ ಇದು? ತೆಗೆ ಅದನ್ನು. ಶರಟು ಒಗೆಯಲಿಕ್ಕೆ ಹಾಕು. ಸರಿಯಾಗಿ ಊಟ ಮಾಡು!’

ಐರಿನ್ ಬಾಯಿಯೂ ಹಾಗೆಯೇ ಹೇಳುತ್ತಾರೆ. ಹೇಳುವವರು ಬೇಕಾದಷ್ಟು ಇದ್ದಾರೆ. ಕೋಕ್ಸ್ ಮಾಡುವವಳು ಇಲ್ಲ.