ಸೀಸರನ ರಕ್ತ, ಟೈಗರನ ಸಿಟ್ಟು

ಕೋವಿಡ್ ಕಳೆದ ಮರುವರ್ಷ ನಾನು ಅರಂತೋಡಿನ ಕಡೆ ಪಶುವೈದ್ಯನಾಗಿದ್ದೆ. ಒಂದು ಬೆಳಿಗ್ಗೆ ರಬ್ಬರ್ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸದ ಕುಸುಮಾ ತನ್ನ ನಾಯಿಯನ್ನು ಗೋಣಿಯಲ್ಲಿ ಸುತ್ತಿ ರಿಕ್ಷಾದಿಂದ ಇಳಿಸಿದಳು. ಹೆಸರು ಟೈಗರ್. ಆ ಹೊತ್ತಿಗೆ ಅದಕ್ಕೆ ತಲೆ ಎತ್ತಲೂ ತ್ರಾಣ ಇರಲಿಲ್ಲ.

ಕೆಲವು ದಿನಗಳಿಂದ ಭೇದಿಯಂತೆ. ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆ ನುಂಗಿಸಿದ್ದಳು; ಕುಡಿದದ್ದೆಲ್ಲ ಹೊರಗೆ ಹೋಗುತ್ತದೆಂದು ನೀರನ್ನೂ ಬಂದ್ ಮಾಡಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ಭೇದಿ ರೋಗವಲ್ಲ, ಲಕ್ಷಣ. ಹಳಸಿದ ಅನ್ನ, ವೈರಸ್, ಹುಳು, ವಿಷ, ಯಾವುದರಿಂದಲೂ ಬರಬಹುದು. ಕಾರಣ ತಿಳಿಯದೆ ಅದನ್ನು ತಡೆದರೆ ಕಳ್ಳನನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ. ಇಷ್ಟನ್ನೂ ಜೋರಾಗಿಯೇ ಹೇಳಿದೆ.

ಟೈಗರನ ತುಟಿ ಎತ್ತಿ ನೋಡಿದೆ. ವಸಡು ಕಾಗದದಷ್ಟು ಬಿಳಿ. ಗೋಣಿಗೆ ಅಂಟಿದ ಭೇದಿ ಡಾಂಬರಿನಷ್ಟು ಕಪ್ಪು. ಕರುಳಿನ ಮೇಲ್ಭಾಗದಲ್ಲಿ ಸೋರಿದ ರಕ್ತ ಜೀರ್ಣವಾಗಿ ಇಳಿದರೆ ಹೀಗಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಕಿಕ್ಕಿರಿದಿದ್ದವು. ನೂಲಿನಷ್ಟು ಸಣ್ಣ ಹುಳುಗಳು ಇವು, ಕರುಳನ್ನು ಕಚ್ಚಿ ರಕ್ತ ಹೀರುತ್ತವೆ. ಹುಳುವಿಗೆ ಔಷಧಿ ಕೊಟ್ಟೆ, ಡ್ರಿಪ್ ಹಾಕಿದೆ. ಆದರೆ ಹೋದ ರಕ್ತಕ್ಕೆ ರಕ್ತವೇ ಬೇಕಿತ್ತು. ಉಳಿಯುವುದು ಕಷ್ಟ ಎಂದೆ.

"ಇವ ಮುಂದೆ ಹೋಗಿ ಆನೆ ಉಂಟಾ ಇಲ್ಲವಾ ಅಂತ ನೋಡಿದ ಮೇಲೆಯೇ ನಾನು ಮರಕ್ಕೆ ಕತ್ತಿ ಹಾಕುದು ಡಾಕ್ಟ್ರೆ," ಎಂದಳು. "ಇವ ಇಲ್ಲದೆ ಬೆಳಗಿನ ಜಾವ ನಾನು ಆ ತೋಟಕ್ಕೆ ಹೋಗುದು ಹೇಗೆ?"

ತೋಟದ ಧಣಿ ಚೆರಿಯಾನ್‌ರ ಬಳಿ ಸೀಸರ್ ಎಂಬ ದೊಡ್ಡ ಅಲ್ಸೇಷಿಯನ್ ಇತ್ತು. ಅದಕ್ಕೂ ಟೈಗರಿಗೂ ಮುಖ ಕಂಡರೆ ಆಗದು. ಟೈಗರನ ಹರಿದ ಕಿವಿ ಸೀಸರನದೇ ಕೆಲಸ. ಸೀಸರನ ರಕ್ತ ಕೊಡಿಸಬಹುದಾ ಎಂದು ಫೋನ್ ಮಾಡಿದೆ. ಚೆರಿಯಾನ್ ಅದನ್ನು ಜೀಪಿನಲ್ಲಿ ಕರೆತಂದರು.

"ನಮ್ಮದಕ್ಕೆ ಎಂತ ಆಗ್ಲಿಕ್ಕಿಲ್ಲ ಅಲ್ವಾ ಮಾರಾಯ್ರೆ?"

ಮೊದಲ ಸಲದ ರಕ್ತವನ್ನು ನಾಯಿಗಳ ಮೈ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ, ಗಟ್ಟಿಮುಟ್ಟಾದ ನಾಯಿ ಕೊಟ್ಟದ್ದನ್ನು ಬೇಗ ತುಂಬಿಕೊಳ್ಳುತ್ತದೆ ಎಂದು ಧೈರ್ಯ ಹೇಳಿದೆ. ನಿಜ ಹೇಳಬೇಕೆಂದರೆ ಈ ಕೆಲಸವನ್ನು ನಾನು ಕಾಲೇಜಿನಲ್ಲಿ ನೋಡಿದ್ದೆನೇ ಹೊರತು ಕೈಯಾರೆ ಮಾಡಿರಲಿಲ್ಲ. ಸುಳ್ಯದಿಂದ ಬ್ಲಡ್ ಬ್ಯಾಗ್ ತರಿಸಿ, ಸೀಸರನ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ಟೈಗರನ ಮುಂಗಾಲಿಗೆ ಹನಿಹನಿಯಾಗಿ ಬಿಟ್ಟೆ. ಮೈ ನಡುಗುತ್ತದೋ, ಮುಖ ಊದುತ್ತದೋ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ. ಕುಸುಮಾ ಟೈಗರನ ತುಟಿ ಎತ್ತಿ ಹಿಡಿದೇ ಕೂತಿದ್ದಳು.

ಬ್ಯಾಗ್ ಅರ್ಧಕ್ಕೆ ಇಳಿದಿತ್ತು. ಕೋರೆಹಲ್ಲಿನ ಬುಡದಲ್ಲಿ ತೆಳುವಾಗಿ ಗುಲಾಬಿ ಕಂಡಿತು. ಭ್ರಮೆ ಇರಬೇಕೆಂದು ಕನ್ನಡಕ ಒರೆಸಿಕೊಂಡೆ. ಬಣ್ಣ ವಸಡಿನುದ್ದಕ್ಕೂ ಹರಡುತ್ತಾ ಬಂತು. ಅಬ್ಬಾ! ಜೀವ ಮರಳುವುದನ್ನು ಹೀಗೆ ಕಣ್ಣೆದುರೇ ನಾನು ಅಂದಿನವರೆಗೂ ಕಂಡಿರಲಿಲ್ಲ. ಕೈಮುಗಿಯಬೇಕೆನಿಸಿತು.

ಟೈಗರ್ ಕಣ್ಣು ಬಿಟ್ಟಿತು. ಮೆಲ್ಲನೆ ತಲೆ ಎತ್ತಿತು. ಮೂಲೆಯಲ್ಲಿ ಮಲಗಿದ್ದ ಸೀಸರನನ್ನು ಕಂಡಿತು. ಸೀಸರನದೇ ರಕ್ತ ಇನ್ನೂ ಕಾಲಿಗೆ ಇಳಿಯುತ್ತಿರುವಾಗಲೇ ಹಲ್ಲು ಕಿರಿದು ಗುರ್ ಎಂದಿತು.

"ಸಿಟ್ಟು ಬಂತು ಡಾಕ್ಟ್ರೆ," ಎಂದು ಕುಸುಮಾ ಅಳುತ್ತಲೇ ನಕ್ಕಳು. "ಇನ್ನು ನಾನು ಕೆಲಸಕ್ಕೆ ಹೋಗಬಹುದು."

ಟೈಗರ್ ಚೇತರಿಸಿಕೊಂಡ ಮೇಲೆ ಹೋದಳು ಕೂಡ, ಅದರ ಹಿಂದೆಯೇ. ಭೇದಿಯಾದ ನಾಯಿ ತಂದವರನ್ನು ಮರುದಿನ ಎಲ್ಲ ವೈದ್ಯರೂ ಭೇದಿ ನಿಂತಿತಾ ಎಂದು ಕೇಳುತ್ತಾರೆ. ಅಂದಿನಿಂದ ನಾನು ಮಾತ್ರ ಸಿಟ್ಟು ಬಂತಾ ಎಂದು ಕೇಳುತ್ತೇನೆ.