ಇಫ್ತಾರಿಗೆ ಹೋದ ಬಾದಾಮಿ ಕೇಕು

ಇಂಡಿ ಪಟ್ಟಣದ ಸುಮಂಗಲಾ ಮನೆಯಲ್ಲೇ ಕೇಕು ಮಾಡಿ ಮಾರುತ್ತಾರೆ. ಮದುವೆಗೆ ಮುಂಚೆ ಗೋವಾದ ಹೋಟೆಲೊಂದರ ಬೇಕರಿಯಲ್ಲಿದ್ದಾಗ ಬಾದಾಮಿ ಲಿಕ್ಯೂರ್ ಎಂಬ ಸಿಹಿ ಮದ್ಯ ಮಾಡಲು ಕಲಿತರು. ಬಾದಾಮಿ ನೆನೆಸಿ, ಸಿಪ್ಪೆ ಸುಲಿದು, ಹುರಿದು ಜಜ್ಜಿ, ಕಿತ್ತಳೆ ಸಿಪ್ಪೆಯ ಜತೆ ಗಾಜಿನ ಭರಣಿಯಲ್ಲಿ ಬ್ರಾಂದಿ ಸುರಿದು ಇಡುತ್ತಾರೆ. ಕೆಲವು ವಾರ ಬಿಟ್ಟು ಬಟ್ಟೆಯಲ್ಲಿ ಸೋಸಿ, ಆರಿದ ಸಕ್ಕರೆ ಪಾಕ ಬೆರೆಸುತ್ತಾರೆ. ಭಾನುವಾರ ಗಂಡ ಧರ್ಮರಾಜ ಅದಕ್ಕೆ ಲಿಂಬೆರಸ, ಐಸು ಹಾಕಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕುಲುಕಿ ಕಾಕ್‌ಟೇಲ್ ಮಾಡಿಕೊಳ್ಳುತ್ತಾರೆ. ಅತ್ತೆ ಸುಂದರವ್ವನಿಗೆ ಮಾತ್ರ ಅದು ‘ಬಾದಾಮಿ ಅರ್ಕ’ ಎಂಬ ಔಷಧಿ. ಮನೆಯೊಳಗೆ ಮದ್ಯ ಇದೆ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ರಂಜಾನಿನ ಆ ಸಂಜೆ ಮೇಜಿನ ಮೇಲೆ ಎರಡು ಕೇಕುಗಳಿದ್ದವು. ಲಿಕ್ಯೂರ್ ಹೀರಿಸಿದ್ದು ಗಂಡನ ಗೆಳೆಯರಿಗೆ. ಗುರುತಿಗೆಂದು ಅದರ ಮೇಲೆ ಬಾದಾಮಿ ಜೋಡಿಸಿದ್ದರು. ಸಾದಾ ಕೇಕು ಓಣಿಯ ತುದಿಯ ರೋಷನಬಿಯವರ ಇಫ್ತಾರಿಗೆ. ಆರ್ಡರ್ ಒಂದನ್ನು ಕೊಟ್ಟು ಬಂದು ನೋಡಿದರೆ ಉಳಿದದ್ದು ಸಾದಾ ಕೇಕು. ಅತ್ತೆಯೂ ಇಲ್ಲ. ಸುಮಂಗಲಾ ಚಪ್ಪಲಿ ಮೆಟ್ಟದೆ ಓಡಿದರು.

ಅಲ್ಲಿ ಚಾಪೆಯ ಸುತ್ತ ಎಲ್ಲರೂ ಆಜಾನಿಗೆ ಕಾಯುತ್ತಿದ್ದರು. ತಟ್ಟೆ ತಟ್ಟೆಗೂ ಕೇಕಿನ ತುಂಡು ಬಿದ್ದಿತ್ತು.

“ತಿನಬ್ಯಾಡ್ರಿ!” ಸುಮಂಗಲಾ ಬಾಗಿಲಿಂದಲೇ ಕೂಗಿದರು.

“ಯಾಕವಾ, ಸಕ್ಕರಿ ಬದಲಿ ಉಪ್ಪ ಹಾಕೀಯೇನು?” ರೋಷನಬಿಯವರ ಗಂಡ ಮಶಾಕಸಾಬ ನಕ್ಕರು.

ಬದಿಯಲ್ಲಿ ಕೂತಿದ್ದ ಸುಂದರವ್ವ ರೇಗಿದರು. “ನಾನ ತಂದೇನಿ. ಉಪವಾಸ ಬಿಡೋ ಮನಿಗೆ ಬೋಳ ಕೇಕ ಕಳಸೂದು ಮರ್ಯಾದಿ ಏನ? ಅದಕ್ಕ ಬಾದಾಮಿ ಇದ್ದದ್ದ ತಂದೆ.”

“ಬೆಣ್ಣಿ ಕೆಟ್ಟಿತ್ರಿ,” ಎಂದರು ಸುಮಂಗಲಾ.

ರೋಷನಬಿ ತಟ್ಟೆಗಳಿಂದ ತುಂಡುಗಳನ್ನು ಎತ್ತಿಟ್ಟರು. ಸುಳ್ಳು ನಡೆದಿತ್ತು. ಅಷ್ಟರಲ್ಲಿ ರೋಷನಬಿಯವರ ಸೊಸೆ ಹುಮಾ ಕೇಕು ಕೊಯ್ದ ಚಾಕುವಿನಲ್ಲೇ ಕಲ್ಲಂಗಡಿ ಹೆಚ್ಚುತ್ತಿರುವುದು ಸುಮಂಗಲಾಗೆ ಕಂಡಿತು. ಬೆಣ್ಣೆಯ ನೆಪ ಹಣ್ಣಿಗೆ ಸಾಲದು.

“ಹಣ್ಣೂ ಬ್ಯಾಡ್ರಿ. ಕೇಕಿನ್ಯಾಗ ದಾರೂ ಐತಿ.”

ಆಜಾನ್ ಕೇಳಿಸಿತು. ಎಲ್ಲರೂ ಖರ್ಜೂರ, ನೀರು ಮಾತ್ರ ಮುಟ್ಟಿದರು.

“ಅರ್ಕ ಅಂತ ಹೇಳಿದ್ಯಲ್ಲಾ!” ಸುಂದರವ್ವ ಸೊಸೆಯತ್ತ ತಿರುಗಿದರು. “ಮೊಣಕಾಲಿಗೆ ತಿಕ್ಕೊಂಡೇನಿ ನಾ!”

“ತಿಕ್ಕೊಂಡ್ರ ಏನಾಗೂದಿಲ್ಲ ಬಿಡ್ರಿ, ಕುಡದಿಲ್ಲಲ್ಲ,” ಎಂದರು ಮಶಾಕಸಾಬ. ಯಾರೂ ನಗಲಿಲ್ಲ.

ರೋಷನಬಿ ನೀರಿನ ಲೋಟ ಕೆಳಗಿಟ್ಟರು. “ಹ್ವಾದ ವರ್ಷದ ಕೇಕಿನ್ಯಾಗೂ ಇತ್ತೇನು?”

“ಇದ್ದಿದ್ದಿಲ್ರಿ ಅಕ್ಕಾರ. ನಿಮಗ ಎಂದೂ ಹಾಕಿಲ್ಲ.”

“ಹ್ಯಾಂಗ ನಂಬಲಿ? ಈಗ ಬೆಣ್ಣಿ ಅಂದಿ.”

ಸುಮಂಗಲಾ ಕೇಕಿನ ತುಂಡುಗಳನ್ನು ಕಟ್ಟಿಕೊಳ್ಳುವಾಗ ರೋಷನಬಿಯೇ ಮುಂದುವರಿಸಿದರು.

“ಈದ್ ಹಬ್ಬದ ಕೇಕ ಇಲ್ಲೇ ಬಂದು ಮಾಡು. ನನ್ನ ಮುಂದ. ನಿಮ್ಮ ಮನ್ಯಾಂದು ಒಂದ ಚಮಚಾನೂ ತರಬ್ಯಾಡ.”

ಈದ್ ಹಬ್ಬದ ಹಿಂದಿನ ದಿನ ಸುಮಂಗಲಾ ಬರಿಗೈಯಲ್ಲಿ ಹೋದರು. ಹಿಟ್ಟು, ಸಕ್ಕರೆ, ಬಾದಾಮಿ, ಪಾತ್ರೆ ಎಲ್ಲ ರೋಷನಬಿಯವರವೇ. ರೋಜಾ ಉಪವಾಸ ಇದ್ದುದರಿಂದ ಅವರು ರುಚಿ ನೋಡುವಂತಿರಲಿಲ್ಲ. ಅದಕ್ಕೇ ಕೇಕು ಬೇಯುವವರೆಗೂ ಸ್ಟೂಲು ಹಾಕಿಕೊಂಡು ಒಲೆಯ ಪಕ್ಕದಲ್ಲೇ ಕೂತಿದ್ದರು.