ಚೇರ್ಮನ್ನರ ಕುರ್ಚಿ ವಾಡೆಗೆ ಹೋದದ್ದು

ನನ್ನ ಅಪ್ಪ ಐದು ವರ್ಷ ನಮ್ಮೂರ ಪಂಚಾಯಿತಿಯ ಚೇರ್ಮನ್ ಆಗಿದ್ದ. ಆ ಐದು ವರ್ಷದಲ್ಲಿ ಒಂದು ದಿನವೂ ಚೇರ್ಮನ್ನರ ಕುರ್ಚಿಯ ಮೇಲೆ ಕೂಡಲಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ, ಮೊದಲು ಅಪ್ಪನ ಮೇಲೆಯೇ.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯಿಂದ ಒಂದು ಹರದಾರಿ ಒಳಗೆ ನಮ್ಮೂರು. ಊರ ನಡುವೆ ದೇಸಾಯರ ವಾಡೆ. ಎತ್ತರದ ಕಲ್ಲುಗೋಡೆ, ಕಬ್ಬಿಣದ ಮೊಳೆ ಬಡಿದ ಬಾಗಿಲು, ಒಳಗೆ ಒಬ್ಬ ಮುದುಕ. ಜಮೀನಿನಲ್ಲಿ ಅರ್ಧ ಕೈಬಿಟ್ಟಿತ್ತು, ಕುದುರೆ ಲಾಯದಲ್ಲಿ ಹೊಟ್ಟು ತುಂಬಿದ್ದರು. ಆದರೂ ವಾಡೆಯ ಮುಂದೆ ಹಾಯುವಾಗ ಊರವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿಯುತ್ತಿದ್ದರು. ಊರಿಗೆ ಹೊಸದೇನು ಬಂದರೂ ಮೊದಲು ಅಲ್ಲಿಗೆ ತೋರಿಸಬೇಕು. ಹೊಸ ಎತ್ತು, ಹೊಸ ಸೊಸೆ, ಮಗ್ಗದಿಂದ ಇಳಿದ ಹಬ್ಬದ ಸೀರೆ. ದೇಸಾಯರು ಒಮ್ಮೆ ಕೈ ಮುಟ್ಟಿಸಿ ಒಯ್ರಿ ಅಂದ ಮೇಲೆಯೇ ಅದು ನಮ್ಮದು.

ಅಪ್ಪ ನೇಕಾರ, ಆದರೆ ಪೇಪರಿನ ಹುಚ್ಚು. ಹುಬ್ಬಳ್ಳಿಯ ಪೇಪರು ಒಂದು ದಿನ ತಡವಾಗಿ ಬಸ್ಸಿನಲ್ಲಿ ಬರುತ್ತಿತ್ತು. ನಾನು ಸಣ್ಣವಳಿದ್ದಾಗ ದಿಲ್ಲಿಯಲ್ಲಿ ರಾಜಧನದ ಗದ್ದಲ ನಡೆದಿತ್ತು. ರಾಜ್ಯ ಬಿಟ್ಟುಕೊಟ್ಟ ಅರಸರಿಗೆ ಸರಕಾರ ವರ್ಷಾ ವರ್ಷ ಕೊಡುತ್ತಿದ್ದ ಹಣವನ್ನು ನಿಲ್ಲಿಸಬೇಕೋ ಬೇಡವೋ ಎಂಬ ಜಗಳ. ಬೇರೆಯವರು ಕುಸ್ತಿಯ ಸುದ್ದಿ ಓದುವ ಹಾಗೆ ಅಪ್ಪ ಅದನ್ನು ಓದುತ್ತಿದ್ದ. ಮೊದಲ ಸಲ ಮಸೂದೆ ಮೇಲ್ಮನೆಯಲ್ಲಿ ಬಿತ್ತು. ಎರಡನೆಯ ಸಲ ರಾಷ್ಟ್ರಪತಿಗಳ ಆಜ್ಞೆ ಕೋರ್ಟಿನಲ್ಲಿ ಬಿತ್ತು. ಮೂರನೆಯ ಸಲ ಸಂವಿಧಾನವನ್ನೇ ತಿದ್ದಿ ಪಾರ್ಲಿಮೆಂಟು ಗೆದ್ದಿತು. ಅಂದು ಅಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಎದ್ದು ಬಂದು ಮನೆಮಂದಿಗೆಲ್ಲ ಬೆಲ್ಲ ಹಂಚಿದ. ಇನ್ನು ಜಮಖಂಡಿ, ಮುಧೋಳದ ರಾಜರೂ ನಮ್ಮ ಹಾಗೆಯೇ ಎಂದ. ಹಿಂದೆ ಇಂಗ್ಲಂಡಿನಲ್ಲಿ ಪಾರ್ಲಿಮೆಂಟಿನ ಮೇಲೆ ಏರಿ ಹೋದ ರಾಜನೊಬ್ಬನ ತಲೆಯನ್ನೇ ಹಾರಿಸಿದ್ದರು ಎಂದೂ ಹೇಳಿದ. ಉಣ್ಣುವ ಹೊತ್ತಿನಲ್ಲಿ ಎಂಥ ಮಾತು ಎಂದು ಅವ್ವ ಬೈದಳು.

ಇಂಥ ಅಪ್ಪ ಕೆಲವು ವರ್ಷದ ಮೇಲೆ ಚೇರ್ಮನ್ ಆದ. ಅಲ್ಲಿಯತನಕ ಪಂಚಾಯಿತಿ ಸಭೆ ವಾಡೆಯ ಪಡಸಾಲೆಯಲ್ಲೇ ನಡೆಯುತ್ತಿತ್ತು. ದೇಸಾಯರು ಮೆಂಬರೇ ಅಲ್ಲ, ಆದರೂ ಗಾದಿಯ ಮೇಲೆ ಅವರು, ಕೆಳಗೆ ಜಮಖಾನೆಯ ಮೇಲೆ ಮೆಂಬರರು. ಅಪ್ಪ ಓಡಾಡಿ ಚಾವಡಿಯ ಪಕ್ಕ ಪಂಚಾಯಿತಿಗೊಂದು ಖೋಲಿ ಮಾಡಿಸಿದ. ಸಭೆ ಇನ್ನು ಇಲ್ಲಿ ಎಂದು ಠರಾವೂ ಆಯಿತು. ಹುನಗುಂದದಲ್ಲಿ ಕುರ್ಚಿ ಮಾಡಿಸಿದರು. ಸಾಗವಾನಿ ಕಟ್ಟಿಗೆ, ಎರಡೂ ಕಡೆ ಕೈ, ಬೆತ್ತದ ಹೆಣಿಗೆ. ಅದು ಬಸ್ಸಿನ ಮೇಲಿಂದ ಇಳಿದಾಗ ನಾನೂ ಅಲ್ಲಿದ್ದೆ. ಉಟ್ಟ ಪರಕಾರದ ಅಂಚಿನಿಂದ ಅದರ ಧೂಳು ಒರೆಸಿ, ಅಪ್ಪನಿಗೆ ಒಮ್ಮೆ ಕೂಡು ಅಂದೆ. ನಾಳೆ ಸಭೆಯಿದೆ, ನಾಳೆಯೇ ಕೂಡುತ್ತೇನೆ ಎಂದು ನಕ್ಕ.

ಇಬ್ಬರು ಮೆಂಬರರು ಕುರ್ಚಿ ಹೊತ್ತು ಚಾವಡಿಯ ಕಡೆ ಹೊರಟರು, ಹಿಂದೆ ಅಪ್ಪ ಮತ್ತು ನಾನು. ವಾಡೆ ಹತ್ತಿರ ಬಂತು. ಹೊತ್ತವರಲ್ಲಿ ಹಿರಿಯವನು, "ಹೊಸಾ ಸಾಮಾನ ಐತಿ, ವಾಡೇಕ ತೋರಿಸಿ ಒಯ್ಯೂಣು" ಅಂದ. ಯಾರೂ ಬೇಡ ಅನ್ನಲಿಲ್ಲ. ಅಪ್ಪನೂ ಅನ್ನಲಿಲ್ಲ. ಹೆದರಿದ್ದರೆ ನಾನು ಕ್ಷಮಿಸುತ್ತಿದ್ದೆ. ಹೆದರಿಕೆಯಲ್ಲ ಅದು, ರೂಢಿ. ಚಪ್ಪಲಿ ಕಳೆದು, ವಾಡೆಯ ಹಂಗು ಹರಿಯಲೆಂದೇ ತರಿಸಿದ ಕುರ್ಚಿಯನ್ನು ತಾವೇ ಹೊತ್ತು ವಾಡೆಯೊಳಗೆ ಇಟ್ಟರು.

ದೇಸಾಯರು ಕೈ ಮುಟ್ಟಿಸಲಿಲ್ಲ. ಕೂತರು. ಒರಗಿದರು. "ಭಾಳ ಛಲೋ ಆಗೇತಿ" ಅಂದರು. ಚಹಾ ಬಂತು. ಚಹಾ ಮುಗಿಯಿತು. ಒಯ್ರಿ ಎಂಬ ಮಾತು ಮಾತ್ರ ಬರಲಿಲ್ಲ. ಮೆಂಬರರು ಕಂಬಕ್ಕೆ ಒರಗಿ ನಿಂತು ನಿಂತು, ದೀಪ ಹಚ್ಚುವ ಹೊತ್ತಿಗೆ ಬರಿಗೈಯಲ್ಲಿ ಹೊರಗೆ ಬಂದರು.

ಮರುದಿನದ ಸಭೆ ವಾಡೆಯಲ್ಲೇ ಆಯಿತು. ಕುರ್ಚಿ ಅಲ್ಲಿತ್ತಲ್ಲ! ಅಪ್ಪ ಜಮಖಾನೆಯ ಮೇಲೆ ಕೂತು ತನ್ನ ಕುರ್ಚಿಯ ಕಾಲು ನೋಡುತ್ತ ಸಭೆ ನಡೆಸಿದ. ಕೇಳಬಾರದೇ ಎಂದು ಅವ್ವ ಅಂದರೆ, ಕೇಳೋಣ, ಅವಸರವೇನು ಎನ್ನುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮಲ್ಲಿ ದೇವರೂ ಕೊಟ್ಟಿದ್ದ, ಪೂಜಾರಿಯೂ ಕೊಟ್ಟಿದ್ದ. ಪಡೆದವರೇ ಹೋಗಿ ತಿರುಗಿ ಕೊಟ್ಟು ಬಂದರು.

ಊರಿಗೆ ನೀರಿನ ನಳ ಬಂದರೆ ಅದನ್ನು ನೇಕಾರ ಓಣಿಯಲ್ಲಿ ಹಾಕಿಸುತ್ತೇನೆಂದು ಅಪ್ಪ ಓಟು ಕೇಳುವಾಗಲೇ ಹೇಳಿದ್ದ. ನಳ ಮಂಜೂರಾದಾಗ ದೇಸಾಯರು ಕುರ್ಚಿಯಲ್ಲಿ ಕೂತೇ ಅದು ವಾಡೆಯ ಬಾಗಿಲ ಮುಂದೆ ಇರಲಿ ಅಂದರು. ಹಾಗೇ ಠರಾವಾಯಿತು. ಕೆಳಗೆ ಅಪ್ಪನ ಸಹಿ. ಎರಡು ವರ್ಷ ನಾನು ಆ ನಳದಿಂದ ಬರಿಗಾಲಲ್ಲಿ ನೀರು ಹೊತ್ತೆ. ಒಂದು ಬೇಸಿಗೆಯ ಮಧ್ಯಾಹ್ನ ನೆಲ ಹೆಂಚಿನ ಹಾಗೆ ಕಾದಿತ್ತು. ವಾಡೆಯ ಮುಂದೆ ನಾನು ಚಪ್ಪಲಿ ಕಳೆಯಲಿಲ್ಲ. ಸಂಜೆಯೊಳಗೆ ವಾಡೆಯ ಆಳು ನಮ್ಮ ಬಾಗಿಲಿಗೆ ಬಂದ. ಅಪ್ಪ ಅವನಿಗೆ ಕೈ ಮುಗಿದು, ನನ್ನ ಚಪ್ಪಲಿ ತೆಗೆದು ಅಟ್ಟದ ಮೇಲೆ ಎಸೆದ.

"ಪಾರ್ಲಿಮೆಂಟ ಗೆದ್ದೈತಿ ಅಂತ ಬೆಲ್ಲಾ ಹಂಚಿದ್ದೆಲ್ಲಪಾ, ನಮ್ಮೂರಾಗ ಯಾರು ಗೆದ್ರು?" ಎಂದೆ.

ಅಪ್ಪ ಮಗ್ಗದ ಕುಣಿಗಿಳಿದ. ಆ ದಿನ ಉಣ್ಣಲಿಲ್ಲ. ನನಗೆ ಪಾಪ ಅನ್ನಿಸಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಇಳಕಲ್ಲಿನ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದೆ. ಅಪ್ಪನ ಕಣ್ಣು ಮಂದವಾಗಿತ್ತು. ಮುದುಕ ದೇಸಾಯರು ತೀರಿಕೊಂಡಿದ್ದರು. ಮಂಡಲ ಪಂಚಾಯಿತಿಯ ಚುನಾವಣೆ ಬಂದಾಗ ಅವರ ಮಗ ನಮ್ಮ ಓಣಿಯಿಂದಲೇ ನಿಂತ. ಪುಣೆಯಲ್ಲಿ ಕಲಿತವನು, ಜೀಪು, ಇಸ್ತ್ರಿ ಮಾಡಿದ ಖಾದಿ. ನಮ್ಮ ಹೊಸ್ತಿಲ ಹೊರಗೆ ಬೂಟು ಕಳೆದು ಒಳಗೆ ಬಂದು, ಕಾಕಾ ಎಂದು ಕರೆದು ಅಪ್ಪನ ಕಾಲು ಮುಟ್ಟಿದ. ಅಪ್ಪ ಗಡಬಡಿಸಿ ಎದ್ದು ನಿಂತ. ಅರಸೊತ್ತಿಗೆಗೆ ಇನ್ನು ಮುಂದೆ ಏನು ಕೆಲಸ ಎಂದು ಓದಿದವರು ಚರ್ಚೆ ಮಾಡುತ್ತಾರೆ. ನನಗೆ ಅಂದೇ ತಿಳಿಯಿತು: ಓಟು ಕೇಳುವುದು. ನಾನು ಅವನಿಗೆ ನೀರು ಕೂಡ ಕೊಡಲಿಲ್ಲ.

ಓಟಿನ ದಿನ ಅಪ್ಪನ ಕೈ ಹಿಡಿದು ಊರ ಶಾಲೆಗೆ ಕರೆದೊಯ್ದೆ. ತಿರುಗಿ ಬರುವಾಗ ತಡೆಯಲಾರದೆ ಯಾರಿಗೆ ಹಾಕಿದೆ ಎಂದು ಕೇಳಿದೆ.

"ಅವರಿಗೇ ಹಾಕೀನಿ," ಅಂದ. "ಸಿಟ್ಟಾಗಬ್ಯಾಡ. ಆ ಮನಿಯವ್ರು ನಾ ಹುಟ್ಟಿದಾಗಿಂದ ನನ್ನ ಕಡೆ ಏನೂ ಬೇಡಿದ್ದಿಲ್ಲ. ಈಗ ಬೇಡಾಕ ಬಂದಿದ್ರು. ಕೊಟ್ಟೆ."

"ಬೇಡಿದ್ದಲ್ಲಪಾ ಅದು. ಒಯ್ದದ್ದು."

ಅಪ್ಪ ನನ್ನ ಕೈ ಬಿಡದೆ ನಡೆದ. ಜೀವಮಾನದಲ್ಲಿ ಒಮ್ಮೆ ವಾಡೆಗೆ ತಾನು ಕೊಟ್ಟವನಾದೆ ಎಂಬ ಬಿಗುವು ಆ ನಡಿಗೆಯಲ್ಲಿತ್ತು. ಅದನ್ನು ಕಂಡು ನನ್ನ ಸಿಟ್ಟು ಇನ್ನಷ್ಟು ಏರಿತು.

ಅವನು ಗೆದ್ದು ಮಂಡಲ ಪ್ರಧಾನನಾದ. ಮೊದಲ ಸಭೆ ವಾಡೆಯಲ್ಲಿ, ಅದೇ ಕುರ್ಚಿಯ ಮೇಲೆ. ಇನ್ನು ಅದನ್ನು ತಿರುಗಿ ಕೇಳುವ ಹಾಗೂ ಇರಲಿಲ್ಲ. ಆರಿಸಿ ಬಂದವನು ಅವನೇ. ಅಪ್ಪ ಆಗ ಹಾಸಿಗೆ ಹಿಡಿದಿದ್ದ. ನಾನು ಶನಿವಾರ ಊರಿಗೆ ಬಂದಾಗ ಅಪ್ಪ ಮೊದಲು ಕೇಳಿದ್ದೇ ಅದನ್ನು.

"ಸಭಾ ಎಲ್ಲಿ ಆತಂತ?"

ಹೇಳಬೇಕೆಂದು ಬಾಯಿ ತೆರೆದೆ. ಇಷ್ಟು ವರ್ಷದ ಮಾತು ನಾಲಗೆಯ ತುದಿಯಲ್ಲಿತ್ತು.

"ಚಾವಡಿ ಖೋಲ್ಯಾಗಪಾ," ಎಂದೆ.

ಛಲೋ ಆಯಿತು ಬಿಡು ಎಂದು ಅಪ್ಪ ಗೋಡೆಯ ಕಡೆ ಮಗ್ಗುಲಾದ.